ಎಣ್ಣಿ, ಶಾಖ, ಸೊಪ್ಪು: ನೋವಿನ ಪ್ರಶ್ನೆಗಳಿಗೆ ಉತ್ತರ

ಥಂಡಿ ಹತ್ತಿದ ಕೂಡಲೇ ನೋವಿನ ಪತ್ರಗಳು ಹೆಚ್ಚುತ್ತವೆ. ಗುಳಿಗೆ ನುಂಗಿ ಸಾಕಾಗಿದೆ, ಮನೆಯಲ್ಲೇ ಏನಾದರೂ ಮಾಡಬಹುದೇ ಎಂದು ಬಹಳ ಜನ ಕೇಳಿದ್ದಾರೆ. ಆಯ್ದ ಕೆಲವು ಪತ್ರಗಳಿಗೆ ಇಲ್ಲಿ ಉತ್ತರವಿದೆ. ಹೆಸರು ಬಿಟ್ಟು ಊರಷ್ಟೇ ಹಾಕಿದ್ದೇವೆ.

ಪ್ರಶ್ನೆ: ನಮ್ಮವ್ವಗ 62 ವರ್ಷ. ಎರಡೂ ಮೊಣಕಾಲು ನೋವು, ಎಡಗಾಲು ಜಾಸ್ತಿ. ಕುಂತ್ರ ಏಳಾಕ ಆಗೂದಿಲ್ಲ, ಮೆಟ್ಟಲಾ ಇಳಿಯೋ ಮುಂದ ಗ್ವಾಡಿ ಹಿಡೀತಾಳ. ಎಕ್ಸ್‌ರೇದಾಗ ಕೀಲು ಸವೆದೈತಿ ಅಂದ್ರು. ಸಕ್ಕರಿ ಕಾಯಿಲೆನೂ ಐತಿ. ಎಕ್ಕಿ ಎಲಿಗೆ ಔಡಲೆಣ್ಣಿ ಹಚ್ಚಿ ಕಾಸಿ ಕಟ್ಟು ಅಂತಾರ ಕೆಲವರು, ಲಕ್ಕಿ ಸೊಪ್ಪಿನ ಎಣ್ಣಿ ಚಲೋ ಅಂತಾರ ಕೆಲವರು. ಯಾವುದು ಮಾಡೂಣು? ಎಣ್ಣಿ ಮನಿಯಾಗ ಮಾಡೂದು ಹೆಂಗ?
(ನವಲಗುಂದ)

ಉತ್ತರ: ಸವೆದ ಕೀಲನ್ನು ಯಾವ ಎಣ್ಣೆಯೂ ಮತ್ತೆ ಬೆಳೆಸುವುದಿಲ್ಲ. ಆದರೆ ನಿಮ್ಮ ತಾಯಿಯವರ ನೋವೆಲ್ಲ ಸವೆತದ್ದೇ ಅಲ್ಲ. ಮೊಣಕಾಲನ್ನು ಹಿಡಿದು ನಿಲ್ಲಿಸುವ ತೊಡೆಯ ಮುಂಭಾಗದ ಸ್ನಾಯು ಸೊರಗಿರುತ್ತದೆ, ಸುತ್ತಲಿನ ಸ್ನಾಯುಗಳು ಬಿಗಿದಿರುತ್ತವೆ. ಬಿಗಿತಕ್ಕೆ ಎಣ್ಣೆ ಮತ್ತು ಶಾಖ ಆಗುತ್ತದೆ, ಸೊರಗಿದ್ದಕ್ಕೆ ವ್ಯಾಯಾಮವೇ ಆಗಬೇಕು. ಎಣ್ಣೆ ತಿಕ್ಕಿ ಮಲಗಿಸಿಬಿಟ್ಟರೆ ಮರುದಿನ ಬೆಳಿಗ್ಗೆ ಮತ್ತದೇ ನೋವು.

ಎಕ್ಕೆ ಎಲೆ ಬೇಡ ಎನ್ನುತ್ತೇವೆ. ಆ ಕಟ್ಟಿನಲ್ಲಿ ಕೆಲಸ ಮಾಡುವುದು ಬಹುಪಾಲು ಬಿಸಿಯೇ. ಅದಕ್ಕೆ ಎಕ್ಕೆಯೇ ಬೇಕೆಂದಿಲ್ಲ. ಎಲೆ ಕೀಳುವಾಗ ಒಸರುವ ಹಾಲು ಚರ್ಮದ ಮೇಲೆ ಗುಳ್ಳೆ ಎಬ್ಬಿಸಬಹುದು. ಕಣ್ಣಿಗೆ ಹೋದರಂತೂ ಮೋಸ: ಮೊದಲಿಗೆ ನೋವು ಅಷ್ಟಾಗಿ ಇರುವುದಿಲ್ಲ, ಹಾಗಾಗಿ ಜನ ಸುಮ್ಮನಿರುತ್ತಾರೆ, ಕೆಲವು ತಾಸು ಕಳೆದ ಮೇಲೆ ನೋಟ ಮಬ್ಬಾಗುತ್ತದೆ. ಹಾಗಾದರೆ ಹದಿನೈದು ನಿಮಿಷ ಸ್ವಚ್ಛ ನೀರಿನಲ್ಲಿ ಕಣ್ಣು ತೊಳೆದು ಅಂದೇ ಕಣ್ಣಿನ ಡಾಕ್ಟರರಿಗೆ ತೋರಿಸಬೇಕು.

ಲಕ್ಕಿ ವಾಸಿ. ಇದಕ್ಕಾಗಿ ಕಪ್ಪತಗುಡ್ಡಕ್ಕೆ ಹೋಗುವವರಿದ್ದಾರೆ. ಅದು 2019ರಿಂದ ವನ್ಯಜೀವಿ ಧಾಮ, ಅನುಮತಿ ಇಲ್ಲದೆ ಅಲ್ಲಿಂದ ಸೊಪ್ಪು, ಬೇರು ತರುವಂತಿಲ್ಲ. ತರುವ ಅಗತ್ಯವೂ ಇಲ್ಲ, ಹೊಲದ ಬೇಲಿ, ಹಳ್ಳದ ದಂಡೆಯಲ್ಲಿ ಇದು ಸಿಗುತ್ತದೆ. ಒಂದು ತೊಟ್ಟಿಗೆ ಮೂರು ಅಥವಾ ಐದು ಎಲೆ, ಎಲೆಯ ಕೆಳಭಾಗ ಬೂದಿ ಬಿಳುಪು, ನೀಲಿ ಛಾಯೆಯ ಸಣ್ಣ ಹೂಗೊಂಚಲು. ಕಾಳಿಗೆ ಹುಳ ಬೀಳಬಾರದೆಂದು ಹಗೇವಿನಲ್ಲಿ, ಡಬ್ಬಿಯಲ್ಲಿ ಹಾಕುತ್ತಿದ್ದ ಸೊಪ್ಪು ಇದೇ.

ಎಣ್ಣೆ ಕಾಸುವ ಶಾಸ್ತ್ರೀಯ ಅಳತೆ ಹೀಗಿದೆ: ಎಣ್ಣೆಯ ನಾಲ್ಕು ಪಟ್ಟು ಸೊಪ್ಪಿನ ರಸ, ಎಣ್ಣೆಯ ಎಂಟನೇ ಒಂದು ಪಾಲು ಅರೆದ ಸೊಪ್ಪು. ಮೊದಲ ಸಲ ಸ್ವಲ್ಪವೇ ಮಾಡಿ. 100 ಮಿಲಿ ಎಳ್ಳೆಣ್ಣೆಗೆ 400 ಮಿಲಿ ರಸ, 12 ಗ್ರಾಂ ಅರೆದ ಮುದ್ದೆ. ಲಕ್ಕಿ ಎಲೆಯಲ್ಲಿ ರಸ ಕಡಿಮೆ, ನೀರು ಚಿಮುಕಿಸಿ ರುಬ್ಬಿ ಬಟ್ಟೆಯಲ್ಲಿ ಹಿಂಡಬೇಕು. ಕಾಸಲು ದಪ್ಪ ತಳದ, ಅಳತೆಗಿಂತ ಮೂರು ಪಟ್ಟು ದೊಡ್ಡ ಪಾತ್ರೆ ಇರಲಿ, ಏಕೆಂದರೆ ಕೊನೆಕೊನೆಗೆ ನೊರೆ ಉಕ್ಕುತ್ತದೆ. ಎಣ್ಣೆ ಹೊರಗೆ ಚೆಲ್ಲಿದರೆ ಒಲೆ ಹೊತ್ತಿಕೊಳ್ಳುತ್ತದೆ. ಸಣ್ಣ ಉರಿಯಲ್ಲಿ ಒಂದೂವರೆ ಎರಡು ತಾಸು ಬೇಕಾಗುತ್ತದೆ. ತಳ ಹತ್ತದಂತೆ ಸೌಟಾಡಿಸುತ್ತಿರಿ.

ಎಣ್ಣೆ ಆಯಿತೆಂದು ತಿಳಿಯುವುದೇ ಇದರಲ್ಲಿ ನಾಜೂಕಿನ ಕೆಲಸ. ತಳದಲ್ಲಿರುವ ಮುದ್ದೆಯನ್ನು ಸೌಟಿನ ತುದಿಯಲ್ಲಿ ಸ್ವಲ್ಪ ತೆಗೆದು, ಆರಿಸಿ, ಎರಡು ಬೆರಳ ನಡುವೆ ಹೊಸೆಯಿರಿ. ಬೆರಳಿಗೆ ಅಂಟಿದರೆ ಇನ್ನೂ ನೀರಿದೆ. ಬತ್ತಿಯ ಹಾಗೆ ಉರುಟಾದರೆ ಸರಿ. ಆ ಬತ್ತಿಯ ಚೂರನ್ನು ಉರಿಗೆ ಹಿಡಿಯಿರಿ: ಚಟಪಟ ಸದ್ದು ಬಂದರೆ ಪಸೆ ಉಳಿದಿದೆ, ಸದ್ದಿಲ್ಲದೆ ಉರಿದರೆ ಇಳಿಸಿ. ಪಸೆ ಉಳಿದ ಎಣ್ಣೆ ಕೆಲವೇ ದಿನಗಳಲ್ಲಿ ಕಮಟು ವಾಸನೆ ಹಿಡಿಯುತ್ತದೆ, ಬೂಸು ಬರುತ್ತದೆ. ಮುದ್ದೆ ಕರಕಲಾಗಿ ಒಡೆದು ಪುಡಿಯಾಯಿತೆಂದರೆ ಎಣ್ಣೆ ಸುಟ್ಟಿತು, ಚೆಲ್ಲಿಬಿಡಿ. ಬೆಚ್ಚಗಿರುವಾಗಲೇ ಸೋಸಿ ಒಣಗಿದ ಗಾಜಿನ ಸೀಸೆಯಲ್ಲಿಡಿ. ಎಳ್ಳೆಣ್ಣೆ ಇಲ್ಲದಿದ್ದರೆ ಕುಸುಬಿ ಎಣ್ಣೆ ನಡೆಯುತ್ತದೆಯೇ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಬರೀ ತಿಕ್ಕಲು ನಡೆಯುತ್ತದೆ. ಕೈ ಜಾರಲು ಎಣ್ಣೆ, ಉಳಿದದ್ದು ಕೈಯ ಕೆಲಸ. ಮೊದಲ ದಿನ ಮುಂಗೈಗೆ ಒಂದು ಹನಿ ಹಚ್ಚಿ ಮರುದಿನದವರೆಗೆ ಕಾದು ನೋಡಿ. ತುರಿಕೆ ಬಂದರೆ ಆ ಎಣ್ಣೆ ಅವರಿಗಲ್ಲ.

ಹಚ್ಚುವ ಎಣ್ಣೆಯನ್ನು ನೇರ ಒಲೆಯ ಮೇಲಿಟ್ಟು ಕಾಯಿಸಬೇಡಿ. ಬಿಸಿನೀರಿನ ಬಟ್ಟಲಲ್ಲಿ ಎಣ್ಣೆಯ ಬಟ್ಟಲಿಡಿ. ಹತ್ತು ನಿಮಿಷ ತೊಡೆಯಿಂದ ಮೊಣಕಾಲ ಸುತ್ತ ಮೆಲ್ಲಗೆ ತಿಕ್ಕಿ, ಮಂಡಿಚಿಪ್ಪಿನ ಮೇಲೆ ಒತ್ತಬೇಡಿ. ಆಮೇಲೆ ಹದಿನೈದು ನಿಮಿಷ ಶಾಖ. ಹಂಚಿನ ಮೇಲೆ ದಪ್ಪ ಉಪ್ಪು ಹುರಿದು ಎರಡು ಪದರ ಬಟ್ಟೆಯಲ್ಲಿ ಗಂಟು ಕಟ್ಟಿದರೆ ಸಾಕು. ಇಲ್ಲೊಂದು ಎಚ್ಚರ: ನಿಮ್ಮ ತಾಯಿಯವರಿಗೆ ಸಕ್ಕರೆ ಕಾಯಿಲೆ ಇದೆ. ಕಾಲಿನ ಸ್ಪರ್ಶಜ್ಞಾನ ಕುಂದಿದ್ದರೆ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಗಂಟಿನ ಬಿಸಿಯನ್ನು ನೀವು ನಿಮ್ಮ ಮೊಣಕೈಯ ಒಳಭಾಗಕ್ಕೆ ಹಿಡಿದು ನೋಡಿ, ಅಲ್ಲಿ ಹಿತವೆನಿಸಿದರಷ್ಟೇ ಅವರಿಗೆ ಕೊಡಿ. ಪಾದಕ್ಕೆ ಶಾಖ ಬೇಡವೇ ಬೇಡ. ದಿನವೂ ಒಂದೇ ಕಡೆ ಅತಿಯಾಗಿ ಕಾಸಿದರೆ ಚರ್ಮದ ಮೇಲೆ ಬಲೆಯಂತೆ ಕಂದು ಗೀರು ಮೂಡುತ್ತವೆ. ಅದು ಕಂಡರೆ ಬಿಸಿ ಹೆಚ್ಚಾಗಿದೆ ಎಂದೇ ಅರ್ಥ.

ಇನ್ನು ವ್ಯಾಯಾಮ. ಮಂಚದ ಮೇಲೆ ಕಾಲು ಚಾಚಿ ಕುಳಿತು ಮೊಣಕಾಲ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಡಿ. ಟವೆಲನ್ನು ಮೊಣಕಾಲಿನಿಂದ ಕೆಳಗೆ ಒತ್ತಿ, ತೊಡೆ ಗಟ್ಟಿಯಾಗುವಂತೆ ಐದು ಎಣಿಸುವ ತನಕ ಹಿಡಿದು ಬಿಡಿ. ಹೀಗೆ ಹತ್ತು ಸಲ. ನಂತರ ಒಂದು ಕಾಲು ಮಡಚಿ ಮಲಗಿ, ಇನ್ನೊಂದನ್ನು ನೆಟ್ಟಗೆ ಒಂದು ಅಡಿ ಎತ್ತಿ ಐದು ಎಣಿಸಿ ಇಳಿಸಿ. ಇದೂ ಹತ್ತು ಸಲ. ಎರಡನ್ನೂ ಬೆಳಿಗ್ಗೆ ಸಂಜೆ ಮಾಡಲಿ. ವಾರ ಕಳೆದ ಮೇಲೆ ಎತ್ತರದ ಕುರ್ಚಿಯಿಂದ ಕೈ ಊರದೆ ಐದು ಸಲ ಏಳುವುದು, ಕೂರುವುದು. ಮಾಡುವಾಗ ಸ್ವಲ್ಪ ನೋವಾಗುವುದು ಸಹಜ. ಮರುದಿನ ಅದೇ ಹೊತ್ತಿಗೆ ನೋವು ಮೊದಲಿನ ಮಟ್ಟಕ್ಕೆ ಇಳಿಯದಿದ್ದರೆ ಮಾಡಿದ್ದು ಹೆಚ್ಚಾಯಿತು, ಅರ್ಧಕ್ಕಿಳಿಸಿ. ಆರರಿಂದ ಎಂಟು ವಾರ ಹಿಡಿಯುತ್ತದೆ. ಹೆಚ್ಚಿನವರು ಎರಡನೇ ವಾರಕ್ಕೆ ಕೈಬಿಡುವುದರಿಂದಲೇ ವ್ಯಾಯಾಮಕ್ಕೆ ಕೆಟ್ಟ ಹೆಸರು ಬಂದಿದೆ.

ಕೋಲು ಹಿಡಿಯುವುದಾದರೆ ಬಲಗೈಯಲ್ಲಿ ಹಿಡಿಯಲಿ, ನೋವಿರುವುದು ಎಡಗಾಲಲ್ಲವೇ? ಮೆಟ್ಟಿಲು ಹತ್ತುವಾಗ ಮೊದಲು ಗಟ್ಟಿ ಕಾಲು, ಇಳಿಯುವಾಗ ಮೊದಲು ನೋವಿನ ಕಾಲು. ತೂಕ ಹೆಚ್ಚಿದ್ದರೆ ಒಂದು ಕಿಲೋ ಇಳಿಸಿದರೂ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ನಾಲ್ಕು ಕಿಲೋದಷ್ಟು ಇಳಿಯುತ್ತದೆ. ನೆಲದ ಮೇಲೆ ಕೂರುವುದು, ಕುಕ್ಕರುಗಾಲು ಬಿಡಲಿ. ಮೊಣಕಾಲು ಕೆಂಪಾಗಿ, ಬಿಸಿಯಾಗಿ, ಜ್ವರದೊಂದಿಗೆ ಊದಿದರೆ, ಅಥವಾ ಒಂದೇ ಕಾಲಿನ ಮೀನಖಂಡ ಬಾತು ನೋಯುತ್ತಿದ್ದರೆ ಎಣ್ಣೆ, ಶಾಖ ಎರಡೂ ನಿಲ್ಲಿಸಿ ಅಂದೇ ದವಾಖಾನೆಗೆ ಕರೆದೊಯ್ಯಿರಿ. ಎರಡನೆಯದು ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು, ತಿಕ್ಕಿದರೆ ಆ ಹೆಪ್ಪು ಎದೆಗೆ ಏರಬಹುದು.

ಪ್ರಶ್ನೆ: ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತೇನೆ, ದಿನಕ್ಕೆ ನೂರರ ಮೇಲೆ. ಮೂರು ತಿಂಗಳಿಂದ ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ, ಕೈ ಜಾಡಿಸಿದರೆ ಹೋಗುತ್ತದೆ. ನರದ ಶಕ್ತಿಗೆಂದು ಗುಳಿಗೆ ಕೊಟ್ಟಿದ್ದಾರೆ. ಎಣ್ಣೆಯನ್ನೂ ತಿಕ್ಕುತ್ತಿದ್ದೇನೆ.
(ಹಳೇ ಹುಬ್ಬಳ್ಳಿ)

ಉತ್ತರ: ಜೋಮು ಯಾವ ಬೆರಳಿಗೆ ಬರುತ್ತದೆ ಎಂದು ಇಂದು ರಾತ್ರಿ ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮಾಗಿ ಕಿರುಬೆರಳು ಚೆನ್ನಾಗಿದ್ದರೆ ಮಣಿಕಟ್ಟಿನ ಇಕ್ಕಟ್ಟು ಸುರಂಗದಲ್ಲಿ ನರ ಒತ್ತಿಕೊಂಡಿದೆ. ಕಿರುಬೆರಳೂ ಸೇರಿದ್ದರೆ ತೊಂದರೆ ಮೊಣಕೈಯದೋ ಕುತ್ತಿಗೆಯದೋ ಇರಬಹುದು. ಇನ್ನೊಂದು ಪರೀಕ್ಷೆ: ಎರಡೂ ಮುಂಗೈ ಕೆಳಗೆ ಬಾಗಿಸಿ, ಹಿಂಗೈಗೆ ಹಿಂಗೈ ತಾಗಿಸಿ ಒಂದು ನಿಮಿಷ ಹಿಡಿಯಿರಿ. ಅದೇ ಜೋಮು ಬಂದರೆ ಅನುಮಾನ ಗಟ್ಟಿಯಾಯಿತು.

ಎಣ್ಣೆಯಿಂದ ಒತ್ತಿದ ನರ ಬಿಡುವುದಿಲ್ಲ. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಳ್ಳುವುದರಿಂದಲೇ ರಾತ್ರಿ ಹೆಚ್ಚು ಕಾಡುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಮಣಿಕಟ್ಟಿನ ಪಟ್ಟಿ ಸಿಗುತ್ತದೆ. ಒಳಗೆ ಲೋಹದ ಪಟ್ಟಿ ಇರುವುದನ್ನೇ ಕೇಳಿ ತನ್ನಿ. ಆ ಲೋಹದ ಪಟ್ಟಿ ಸಾಮಾನ್ಯವಾಗಿ ಕೈಯನ್ನು ಹಿಂದಕ್ಕೆ ಬಾಗಿಸಿರುತ್ತದೆ. ಹೊರಗೆಳೆದು ನೆಟ್ಟಗೆ ಮಾಡಿ ಮತ್ತೆ ತೂರಿಸಿ, ಮಣಿಕಟ್ಟು ನೇರವಾಗಿರಬೇಕು. ರಾತ್ರಿ ಮಾತ್ರ, ಆರು ವಾರ. ಬಿಗಿಯಾಗಿ ಕಟ್ಟಿದರೆ ಜೋಮು ಇನ್ನೂ ಹೆಚ್ಚುತ್ತದೆ.

ಹಿಟ್ಟಿನ ಕಡೆಗೂ ನೋಡಿ. ಎಸರು ಚೆನ್ನಾಗಿ ಕುದಿಯದೆ ಹಾಕಿದ ಹಿಟ್ಟು, ಬೀಸಿ ಬಹಳ ದಿನವಾದ ಹಿಟ್ಟು ಜಿಗಿ ಬರುವುದಿಲ್ಲ. ಜಿಗಿ ಇಲ್ಲದ್ದಕ್ಕೆ ರೊಟ್ಟಿಯ ಅಂಚು ಸೀಳುತ್ತದೆ, ಸೀಳಿದ್ದನ್ನು ಕೂಡಿಸಲು ನೀವು ಮತ್ತಷ್ಟು ಜೋರಾಗಿ ಬಡಿಯುತ್ತೀರಿ. ನೂರು ರೊಟ್ಟಿಗೆ ಆ ಹೆಚ್ಚಿನ ಪೆಟ್ಟೆಲ್ಲ ಮಣಿಕಟ್ಟಿನ ಮೇಲೇ. ಇಪ್ಪತ್ತೈದು ರೊಟ್ಟಿಗೊಮ್ಮೆ ಐದು ನಿಮಿಷ ಹಂಚಿನ ಕೆಲಸಕ್ಕೆ ಬಂದು ಬಡಿಯುವುದನ್ನು ಇನ್ನೊಬ್ಬರಿಗೆ ಕೊಡಿ. ನರದ ಗುಳಿಗೆಯಲ್ಲಿ ಬಿ6 ಇದ್ದರೆ ತಿಂಗಳುಗಟ್ಟಲೆ ನುಂಗಬೇಡಿ, ಅದು ಅತಿಯಾದರೆ ಅದರಿಂದಲೇ ನರ ಕೆಡುತ್ತದೆ. ಥೈರಾಯ್ಡ್ ಮತ್ತು ಸಕ್ಕರೆ ಒಮ್ಮೆ ಪರೀಕ್ಷೆ ಮಾಡಿಸಿ. ಹೆಬ್ಬೆರಳ ಬುಡದ ಮಾಂಸ ಕರಗಿದ್ದರೆ, ಕೈಯಿಂದ ಲೋಟ ಜಾರುತ್ತಿದ್ದರೆ ಪಟ್ಟಿ ಕಟ್ಟಿ ಕಾಯುವ ಕಾಲ ಮುಗಿದಿದೆ, ನರತಜ್ಞರನ್ನು ಕಾಣಿ.

ಪ್ರಶ್ನೆ: ನಮ್ಮ ಓಣಿಯಲ್ಲಿ ನಲವತ್ತು ದಾಟಿದವರಿಗೆಲ್ಲ ಬೆನ್ನು, ಕುತ್ತಿಗೆ, ಕೀಲು ಹಿಡಿದುಕೊಂಡ ಹಾಗೆ. ಯಾವ ಎಣ್ಣೆಗೂ ಬಗ್ಗುತ್ತಿಲ್ಲ. ಕುಡಿಯುವುದು ಬೋರ್ ನೀರು. ಕಾಯಿಸಿ ಆರಿಸಿಯೇ ಕುಡಿಯುತ್ತೇವೆ.
(ಮುಂಡರಗಿ ತಾಲ್ಲೂಕಿನ ಹಳ್ಳಿಯಿಂದ)

ಉತ್ತರ: ಇಡೀ ಓಣಿಗೆ ಒಂದೇ ನೋವು ಎಂದರೆ ಎಣ್ಣೆ ಬಿಟ್ಟು ನೀರಿನ ಕಡೆ ನೋಡಬೇಕು. ನಿಮ್ಮ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಂಗತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಸಿಗದಿದ್ದರೆ 1.5ರ ತನಕ ಎಂದು ಭಾರತೀಯ ಮಾನಕ ಹೇಳುತ್ತದೆ. ವರ್ಷಗಟ್ಟಲೆ ಅದನ್ನು ಮೀರಿ ಕುಡಿದರೆ ಎಲುಬು, ಕೀಲಿನ ಕಟ್ಟುಗಳಲ್ಲಿ ಫ್ಲೋರೈಡ್ ಕೂತು ಬಿರುಸಾಗುತ್ತವೆ.

ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಮನೆಯಲ್ಲೇ ಮೂರು ಪರೀಕ್ಷೆ ಮಾಡಿ. ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಲು ಆಗುತ್ತದೆಯೇ? ಗದ್ದ ಎದೆಗೆ ತಾಗುತ್ತದೆಯೇ? ಕೈಗಳನ್ನು ಪಕ್ಕಕ್ಕೆ ಚಾಚಿ, ಮಡಚಿ ತಲೆಯ ಹಿಂಭಾಗ ಮುಟ್ಟಲು ಬರುತ್ತದೆಯೇ? ಆಗದಿದ್ದರೆ, ಜೊತೆಗೆ ಅಲ್ಲೇ ಹುಟ್ಟಿ ಬೆಳೆದ ಮಕ್ಕಳ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆಗಳಿದ್ದರೆ, ಜಿಲ್ಲಾ ಆಸ್ಪತ್ರೆಯಲ್ಲಿ ಮೂತ್ರದ ಫ್ಲೋರೈಡ್ ಪರೀಕ್ಷೆ ಕೇಳಿ. ಇದಕ್ಕೆಂದೇ 2008-09ರಿಂದ ರಾಷ್ಟ್ರೀಯ ಕಾರ್ಯಕ್ರಮವಿದೆ. ನೀರನ್ನೂ ಪರೀಕ್ಷೆಗೆ ಕೊಡಿ.

ಕುಡಿಯಲು, ಅಡುಗೆಗೆ ಎರಡಕ್ಕೂ ಆರ್‌ಒ ಘಟಕದ ನೀರು ಅಥವಾ ಹಿಡಿದಿಟ್ಟ ಮಳೆನೀರು ಬಳಸಿ. ಕುಡಿಯಲು ಮಾತ್ರ ಕ್ಯಾನ್ ತಂದು ಬೇಳೆ ಬೇಯಿಸಲು ಬೋರ್ ನೀರು ಹಾಕಿದರೆ ಫಲ ಅರ್ಧ. ಹಾಲು, ಮೊಸರು, ರಾಗಿ, ನೆಲ್ಲಿಕಾಯಿ ಹೆಚ್ಚಿರಲಿ. ಕಡಕ್ ಕರಿ ಚಹಾದಲ್ಲೂ ಕಪ್ಪು ಉಪ್ಪಿನಲ್ಲೂ ಫ್ಲೋರೈಡ್ ಇದೆ. ಗ್ಯಾಸಿಗೆಂದು ಅಜವಾನದ ಜೊತೆ ದಿನವೂ ಕಪ್ಪು ಉಪ್ಪು ನೆಕ್ಕುವವರು ಸಾದಾ ಉಪ್ಪಿಗೆ ಬರಲಿ. ಬಿರುಸಾದ ಬೆನ್ನು ಪೂರ್ತಿ ಮೊದಲಿನಂತಾಗುವುದು ಕಷ್ಟ. ಮಕ್ಕಳಿಗೆ ಬಾರದಂತೆ ತಡೆಯಬಹುದು.

ಪ್ರಶ್ನೆ: ವಾತಕ್ಕೆ ಒಬ್ಬರು ಕಾಗದದ ಪೊಟ್ಟಣದಲ್ಲಿ ಪುಡಿ ಕೊಡುತ್ತಾರೆ. ಅಪ್ಪನಿಗೆ ಮೂರೇ ದಿನದಲ್ಲಿ ನೋವು ಮಾಯವಾಯಿತು, ಹಸಿವೂ ಹೆಚ್ಚಿತು. ಎಂಟು ತಿಂಗಳಿಂದ ತಗೊಳ್ಳುತ್ತಿದ್ದಾರೆ. ಈಗ ಮುಖ ಊದಿದೆ, ಸಕ್ಕರೆ ಏರಿದೆ. ನಿಲ್ಲಿಸಿಬಿಡಲೇ?
(ರಾಣೆಬೆನ್ನೂರು)

ಉತ್ತರ: ಒಮ್ಮೆಲೇ ನಿಲ್ಲಿಸಬೇಡಿ. ಇದನ್ನು ಮೊದಲು ಓದಿ, ಉಳಿದದ್ದು ಆಮೇಲೆ. ಗಿಡಮೂಲಿಕೆಯಿಂದ ಮೂರು ದಿನದಲ್ಲಿ ಹಳೇ ವಾತ ಮಾಯವಾಗುವುದಿಲ್ಲ. ದುಂಡಗಾದ ಮುಖ, ಹಸಿವು, ಏರಿದ ಸಕ್ಕರೆ ಇವೆಲ್ಲ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರುವ ಲಕ್ಷಣ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬಂದರೆ ಮೂತ್ರಪಿಂಡದ ಮೇಲಿರುವ ಗ್ರಂಥಿ ತನ್ನದನ್ನು ತಯಾರಿಸುವುದನ್ನೇ ಬಿಡುತ್ತದೆ. ಪುಡಿ ದಿಢೀರ್ ನಿಂತರೆ ವಾಂತಿ, ವಿಪರೀತ ನಿತ್ರಾಣ, ರಕ್ತದೊತ್ತಡ ಕುಸಿತ, ಜೀವಕ್ಕೇ ಬರಬಹುದು. ಪೊಟ್ಟಣದ ಸಮೇತ ಇದೇ ವಾರ ಫಿಜಿಶಿಯನ್ನರನ್ನು ಕಾಣಿ. ಬೆಳಿಗ್ಗೆ ಎಂಟರ ಸುಮಾರಿಗೆ ರಕ್ತದಲ್ಲಿ ಕಾರ್ಟಿಸೋಲ್ (ಆ ಗ್ರಂಥಿ ತಾನೇ ತಯಾರಿಸುವ ಸ್ಟೀರಾಯ್ಡ್) ಎಷ್ಟಿದೆ ನೋಡಿ, ಅಳತೆಯ ಗುಳಿಗೆಗೆ ಬದಲಿಸಿ, ಹಂತಹಂತವಾಗಿ ಇಳಿಸುತ್ತಾರೆ. ಮಧ್ಯೆ ಜ್ವರ, ವಾಂತಿ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ ಪುಡಿಯ ವಿಷಯ ಹೇಳಿ.

ಆಯುರ್ವೇದ ಔಷಧಿ ಬೇಕೆಂದರೆ ಓದಿದ ವೈದ್ಯರು ಹುಬ್ಬಳ್ಳಿ, ಗದಗಿನ ಆಯುರ್ವೇದ ಕಾಲೇಜು ಆಸ್ಪತ್ರೆಗಳಲ್ಲಿ ಇದ್ದಾರೆ. ಡಬ್ಬಿಯ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್, ಒಳಗೇನಿದೆ ಎಂಬ ಪಟ್ಟಿ ಇರಬೇಕು. ಭಸ್ಮ, ರಸೌಷಧಿಗಳನ್ನು ಸ್ವಂತ ಕೊಂಡು ನುಂಗಬೇಡಿ, ಅವುಗಳಲ್ಲಿ ಸೀಸ, ಪಾದರಸ ಇರುವುದುಂಟು.

ಪ್ರಶ್ನೆ: ಮೆಣಸಿನಕಾಯಿಯಿಂದ ನೋವಿನ ಮುಲಾಮು ಮಾಡುತ್ತಾರಂತೆ. ನಮ್ಮಲ್ಲಿ ಮೆಣಸಿನಕಾಯಿಗೇನು ಬರ? ಅರೆದು ಎಣ್ಣೆಯಲ್ಲಿ ಕಲಸಿ ಹಚ್ಚಬಹುದೇ? ತಂದೆಗೆ ಸರ್ಪಸುತ್ತು ಮಾಯ್ದ ಮೇಲೂ ಉರಿ ಉಳಿದಿದೆ.
(ಬ್ಯಾಡಗಿ)

ಉತ್ತರ: ಬೇಡ. ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿದ್ದು, 2011ರಲ್ಲಿ ಭೌಗೋಳಿಕ ಗುರುತು ಪಡೆದದ್ದು ಬಣ್ಣಕ್ಕೇ ಹೊರತು ಖಾರಕ್ಕಲ್ಲ. ನೋವಿಗೆ ಬೇಕಾದದ್ದು ಖಾರದ ಅಂಶ, ಕ್ಯಾಪ್ಸೈಸಿನ್. ಅದರ ಪ್ರಮಾಣ ಬ್ಯಾಡಗಿಯಲ್ಲೇ ಡಬ್ಬಿ ಕಾಯಿಗೊಂದು, ಕಡ್ಡಿ ಕಾಯಿಗೊಂದು, ಗುಂಟೂರು ಕಾಯಿ ಬೆರೆತರೆ ಇನ್ನೊಂದು. ಮುಲಾಮಿನಲ್ಲಿ ಇರುವುದು ಅಳೆದು ಹಾಕಿದ ಶೇ. 0.025ರಿಂದ 0.075. ಮನೆಯಲ್ಲಿ ಅರೆದದ್ದರ ಲೆಕ್ಕ ಯಾರಿಗೂ ತಿಳಿಯದು, ವಯಸ್ಸಾದವರ ತೆಳು ಚರ್ಮ ಬೊಬ್ಬೆ ಏಳುತ್ತದೆ.

ಮುಲಾಮು ಕೆಲಸ ಮಾಡುವ ಬಗೆ ಸ್ವಾರಸ್ಯದ್ದು. ಸುಮಾರು 43 ಡಿಗ್ರಿ ಬಿಸಿ ತಾಗಿದರೆ ಎಚ್ಚರಗೊಳ್ಳುವ ನರದ ಬಾಗಿಲನ್ನೇ ಖಾರವೂ ತಟ್ಟುತ್ತದೆ, ಅದಕ್ಕೇ ಖಾರ ಸುಟ್ಟಂತೆ ಅನಿಸುವುದು. ಆ ಬಾಗಿಲನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪಾಲು ಸಿಕ್ಕಿತು. ದಿನಾ ತಟ್ಟಿ ತಟ್ಟಿ ನರದ ತುದಿ ದಣಿದು ನೋವಿನ ಸುದ್ದಿ ಕಳಿಸುವುದನ್ನು ಕಡಿಮೆ ಮಾಡುತ್ತದೆ. ಆದ್ದರಿಂದ ದಿನಕ್ಕೆ ಮೂರು ನಾಲ್ಕು ಸಲ, ಬಿಡದೆ ಹಚ್ಚಬೇಕು. ಫಲ ಕಾಣಲು ಎರಡರಿಂದ ನಾಲ್ಕು ವಾರ. ಮೊದಲ ವಾರ ಉರಿ ಹೆಚ್ಚು. ಆಗಲೇ ಬಿಟ್ಟರೆ ಉರಿಯಷ್ಟೇ ಲಾಭ. ಗಾಯ ಪೂರ್ತಿ ಮಾಯ್ದಿರಬೇಕು, ಬಿಸಿನೀರ ಸ್ನಾನವಾದ ಕೂಡಲೇ ಹಚ್ಚಬಾರದು, ಕೈಗವಸು ಹಾಕಿಕೊಂಡು ಹಚ್ಚಬೇಕು. ಕೈಗೆ ತಾಗಿದರೆ ಬರೀ ನೀರಿನಿಂದ ಹೋಗದು. ಮೊದಲು ಎಣ್ಣೆ ಸವರಿ ಒರೆಸಿ, ಆಮೇಲೆ ಸಾಬೂನು. ಮಾರುಕಟ್ಟೆಯಲ್ಲಿ ತೊಟ್ಟು ಮುರಿಯುವ ಹೆಣ್ಣುಮಕ್ಕಳ ಕೈಉರಿಗೂ ಇದೇ ಕ್ರಮ.

ಪ್ರಶ್ನೆ: ಕೀಲುನೋವಿಗೆ ಅರಿಶಿಣದ ಹಾಲು ಎಷ್ಟು ಕುಡಿಯಬೇಕು?
(ಗದಗ)

ಉತ್ತರ: ಹಿತಕ್ಕೆ ಎಷ್ಟಾದರೂ ಕುಡಿಯಿರಿ, ಮದ್ದೆಂದು ನಂಬಬೇಡಿ. ಅರಿಶಿಣ ಪುಡಿಯಲ್ಲಿ ಅದರ ಸತ್ವವಾದ ಕರ್ಕ್ಯುಮಿನ್ ಇರುವುದು ಶೇ. 3ರ ಆಸುಪಾಸು. ಮೂರು ಗ್ರಾಮಿನ ಒಂದು ಚಮಚದಲ್ಲಿ 90 ಮಿಲಿಗ್ರಾಂ ಆಯಿತು. ಮೊಣಕಾಲು ನೋವಿನ ಪ್ರಯೋಗಗಳಲ್ಲಿ ಕೊಡುವುದು ದಿನಕ್ಕೆ 1,000 ಮಿಲಿಗ್ರಾಂ ಸುಮಾರಿನ ಸತ್ವ. ಹನ್ನೊಂದು ಚಮಚ ಅರಿಶಿಣದ ಹಾಲು ಯಾರು ಕುಡಿಯುತ್ತಾರೆ? ಕಾಳುಮೆಣಸಿನ ಪೈಪರಿನ್ ಸೇರಿದರೆ ಹೀರಿಕೆ ಬಹಳ ಹೆಚ್ಚುತ್ತದೆ ಎಂದು 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧನೆ ತೋರಿಸಿತು. ಈಗಿನ ಕ್ಯಾಪ್ಸೂಲುಗಳಲ್ಲಿ ಅದನ್ನೇ ಬೆರೆಸುತ್ತಾರೆ. ಹೀರಿಕೆ ಹೆಚ್ಚಿದಂತೆ ಅಪಾಯವೂ ಹೆಚ್ಚು, ಅಂಥ ಕ್ಯಾಪ್ಸೂಲಿನಿಂದ ಯಕೃತ್ತು ಕೆಟ್ಟವರಿದ್ದಾರೆ. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ತಕ್ಷಣ ನಿಲ್ಲಿಸಿ. ರಕ್ತ ತೆಳುಮಾಡುವ ಗುಳಿಗೆ ನುಂಗುವವರು, ಪಿತ್ತಕೋಶದಲ್ಲಿ ಕಲ್ಲಿದ್ದವರು ಮುಟ್ಟುವುದೇ ಬೇಡ.

ಪ್ರಶ್ನೆ: ಕುಣಿಮಗ್ಗದಲ್ಲಿ ಮೂವತ್ತು ವರ್ಷದಿಂದ ನೇಯುತ್ತಿದ್ದೇನೆ. ಟೊಂಕದಿಂದ ಬಲಗಾಲ ಹಿಮ್ಮಡಿವರೆಗೆ ಸೆಳೆತ, ಎರಡು ವಾರವಾಯಿತು. ಮೊಮ್ಮಗನಿಂದ ಬೆನ್ನು ತುಳಿಸಿಕೊಂಡರೆ ಹಗುರಾಗುತ್ತದೆ. ಕಟಿಬಸ್ತಿ ಮಾಡಿಸಲೇ?
(ಬೆಟಗೇರಿ)

ಉತ್ತರ: ತುಳಿಸಿಕೊಳ್ಳುವುದನ್ನು ನಿಲ್ಲಿಸಿ. ಎಲುಬು ಟೊಳ್ಳಾಗಿದ್ದರೆ ಮಗುವಿನ ಭಾರಕ್ಕೂ ಬೆನ್ನೆಲುಬು ಕುಸಿಯಬಹುದು. ಮೊಣಕಾಲಿನ ಕೆಳಗೂ ಸೆಳೆತ ಇಳಿದಿರುವುದರಿಂದ ಟೊಂಕದ ನರ ಒತ್ತಿಕೊಂಡಿರಬಹುದು. ಇಂಥದ್ದು ಬಹುಪಾಲು ಆರೆಂಟು ವಾರಗಳಲ್ಲಿ ತಾನೇ ಇಳಿಯುತ್ತದೆ. ಆದರೆ ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಕುಂಡೆ-ತೊಡೆಸಂದಿಯಲ್ಲಿ ಮರಗಟ್ಟಿದರೆ, ಪಾದ ಎತ್ತಲು ಬಾರದಿದ್ದರೆ ಅದೇ ದಿನ ಆಸ್ಪತ್ರೆ. ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೆನ್ನೆಲುಬಿನ ಕ್ಷಯವೇ ಎಂದು ನೋಡಿಸಲೇಬೇಕು.

ಇವೇನೂ ಇಲ್ಲವೆಂದರೆ ಹೀಗೆ ಮಾಡಿ. ಚಾಪೆಯ ಮೇಲೆ ಬೋರಲು ಮಲಗಿ, ಮೊಣಕೈ ಊರಿ ಎದೆ ಎತ್ತಿ ಎರಡು ನಿಮಿಷ ಇರಿ. ಸಹಿಸಿದರೆ ಅಂಗೈ ಊರಿ, ಸೊಂಟ ನೆಲಕ್ಕೇ ಬಿಟ್ಟು, ಎದೆಯನ್ನು ಹತ್ತು ಸಲ ಎತ್ತಿ ಇಳಿಸಿ. ದಿನಕ್ಕೆ ನಾಲ್ಕೈದು ಬಾರಿ. ನೋವು ಎಲ್ಲಿಗೆ ಸರಿಯುತ್ತದೆ ಎಂಬುದೇ ಇಲ್ಲಿ ಸೂಚನೆ. ಹಿಮ್ಮಡಿಯಿಂದ ತೊಡೆಗೆ, ತೊಡೆಯಿಂದ ಟೊಂಕಕ್ಕೆ ಹಿಂದೆ ಸರಿದರೆ, ಟೊಂಕದಲ್ಲಿ ನೋವು ಸ್ವಲ್ಪ ಹೆಚ್ಚಾದರೂ, ದಾರಿ ಸರಿಯಿದೆ. ಕಾಲಿನೊಳಗೆ ಇನ್ನೂ ಕೆಳಗಿಳಿದರೆ ಅಲ್ಲಿಗೇ ಬಿಡಿ.

ಕಟಿಬಸ್ತಿ ಎಂದರೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ಎಣ್ಣೆ ನಿಲ್ಲಿಸುವುದು, ಅರ್ಧ ತಾಸು. ಅದು ಒಳ್ಳೆಯ ಶಾಖ, ಸ್ನಾಯು ಸಡಿಲುತ್ತದೆ. ಡಿಸ್ಕ್ ಒಳಗೆ ಸರಿಸುತ್ತೇವೆ ಎಂದರೆ ನಂಬಬೇಡಿ. ಮಾಡಿಸಿಕೊಂಡು ನೇರ ಮಗ್ಗಕ್ಕೆ ಹೋಗಿ ಕೂತರೆ ದುಡ್ಡು ದಂಡ. ಎರಡು ದಿನಕ್ಕಿಂತ ಹೆಚ್ಚು ಹಾಸಿಗೆ ಹಿಡಿಯಬೇಡಿ, ನಡೆಯಿರಿ. ಕೂರುವ ಹಲಗೆಯ ಹಿಂಬದಿಗೆ ಎರಡು ಬೆರಳು ದಪ್ಪದ ಮಡಿಕೆ ಹಾಕಿ ಸೊಂಟ ಮುಂದಕ್ಕೆ ವಾಲುವಂತೆ ಮಾಡಿದರೆ ಬೆನ್ನು ಗೂನಾಗುವುದು ತಪ್ಪುತ್ತದೆ. ಅರ್ಧ ತಾಸಿಗೊಮ್ಮೆ ಕುಣಿಯಿಂದ ಎದ್ದು ಕೈ ಸೊಂಟದ ಮೇಲಿಟ್ಟು ಐದು ಸಲ ಹಿಂದಕ್ಕೆ ಬಾಗಿ.

ಪ್ರಶ್ನೆ: ಬೆನ್ನುನೋವಿಗೆ ಬರೆ ಹಾಕಿಸಿಕೊಂಡ ಮಾವನಿಗೆ ನಿಜವಾಗಿಯೂ ಕಡಿಮೆಯಾಯಿತು. ಇದಕ್ಕೇನು ಹೇಳುತ್ತೀರಿ?
(ಹಾನಗಲ್)

ಉತ್ತರ: ಕಡಿಮೆಯಾದದ್ದು ಸುಳ್ಳಲ್ಲ. ಹೊಸ ನೋವು ಹಳೆಯದನ್ನು ಕೆಲಕಾಲ ಮರೆಸುತ್ತದೆ. ಪೆಟ್ಟು ಬಿದ್ದಲ್ಲಿ ತಿಕ್ಕಿಕೊಂಡರೆ ನೋವು ಇಳಿಯುವುದೂ ಇದರ ಹತ್ತಿರದ್ದೇ. ಸ್ಪರ್ಶದ ಸುದ್ದಿ ಬೆನ್ನುಹುರಿಯಲ್ಲಿ ನೋವಿನ ದಾರಿಗೆ ಅಡ್ಡ ಬರುತ್ತದೆ ಎಂದು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ವಿವರಿಸಿದರು. ಆದರೆ ಅದಕ್ಕೆ ಮೈ ಸುಡಬೇಕಿಲ್ಲ. ಸುಟ್ಟ ಗಾಯ ಕೀವಾಗುತ್ತದೆ, ಧನುರ್ವಾಯುವಿನ ಭಯವೂ ಇದೆ, ಸಕ್ಕರೆ ಇದ್ದವರಲ್ಲಿ ಬೇಗ ಮಾಯುವುದಿಲ್ಲ. ಫಿಜಿಯೊಥೆರಪಿಯವರ ಬಳಿ ಇರುವ ಟೆನ್ಸ್ ಯಂತ್ರ ಇದೇ ಕೆಲಸವನ್ನು ಸಣ್ಣ ವಿದ್ಯುತ್ತಿನ ಜುಮುಜುಮಿನಿಂದ ಮಾಡುತ್ತದೆ: 80ರಿಂದ 100 ಹರ್ಟ್ಜ್, 20–30 ನಿಮಿಷ. ಪೇಸ್‌ಮೇಕರ್ ಇದ್ದವರಿಗೆ ಬೇಡ.

ಪ್ರಶ್ನೆ: ತಿಂಗಳ ಮುಟ್ಟಿನಲ್ಲಿ ಮೊದಲ ದಿನ ಕಾಲೇಜಿಗೆ ಹೋಗಲು ಆಗುವುದಿಲ್ಲ. ಮಾತ್ರೆ ಬಿಟ್ಟು ಬೇರೇನಿದೆ?
(ಧಾರವಾಡ)

ಉತ್ತರ: ಶಾಖ ಮತ್ತು ಒಣಶುಂಠಿ, ಎರಡಕ್ಕೂ ಒಳ್ಳೆಯ ಆಧಾರವಿದೆ. ಕಿಬ್ಬೊಟ್ಟೆಗೆ ಸುಮಾರು 40 ಡಿಗ್ರಿಯ ಹಿತವಾದ ಬಿಸಿ, ಬಟ್ಟೆ ಸುತ್ತಿದ ಬಿಸಿನೀರಿನ ಚೀಲ, ಬಿಟ್ಟುಬಿಟ್ಟು ದಿನವಿಡೀ. ಒಣಶುಂಠಿ ಪುಡಿ ಕಾಲು ಚಮಚ, ಅಂದರೆ ಅರ್ಧ ಗ್ರಾಮಿನಷ್ಟು, ದಿನಕ್ಕೆ ಮೂರು ಸಲ ಬೆಲ್ಲದ ನೀರಿನಲ್ಲಿ, ಊಟವಾದ ಮೇಲೆ. ನೋವು ಏರಿದ ಮೇಲೆ ಕುಡಿದರೆ ಫಲ ಕಡಿಮೆ; ಮುಟ್ಟು ಕಾಣಿಸಿದ ತಾಸಿನಿಂದಲೇ ಶುರುಮಾಡಿ ಮೂರು ದಿನ ಕುಡಿಯಿರಿ. ಎದೆಯುರಿ ಬಂದರೆ ಪ್ರಮಾಣ ಇಳಿಸಿ. ವರ್ಷದಿಂದ ವರ್ಷಕ್ಕೆ ನೋವು ಏರುತ್ತಿದ್ದರೆ, ಮುಟ್ಟಿಲ್ಲದಾಗಲೂ ಕಿಬ್ಬೊಟ್ಟೆ ನೋಯುತ್ತಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ.

ಪ್ರಶ್ನೆ: ದಿನಾ ತಲೆನೋವು. ದಿನಾ ಒಂದು ಗುಳಿಗೆ, ರಾತ್ರಿ ಬಾಮ್.
(ಹುಬ್ಬಳ್ಳಿ, ವಿದ್ಯಾನಗರ)

ಉತ್ತರ: ಈಗ ಗುಳಿಗೆಯೇ ತಲೆನೋವು ತರುತ್ತಿರಬಹುದು. ಸಾದಾ ನೋವಿನ ಗುಳಿಗೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಕೆಫೀನ್ ಬೆರೆತದ್ದನ್ನು 10 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗಿದವರಲ್ಲಿ ಹೀಗಾಗುತ್ತದೆ. ವೈದ್ಯರಿಗೆ ಹೇಳಿ ನಿಲ್ಲಿಸಿ. ಮೊದಲ ಎರಡರಿಂದ ಹತ್ತು ದಿನ ನೋವು ಹೆಚ್ಚುತ್ತದೆ, ಆಮೇಲೆ ಇಳಿಯುತ್ತದೆ. ಚಹಾ ದಿನಕ್ಕೆ ಎರಡಕ್ಕೆ ತನ್ನಿ, ಅದೂ ಒಮ್ಮೆಲೇ ಬೇಡ. ಹಣೆ ಬಿಗಿದಂಥ ನೋವಿಗೆ ಪುದೀನಾ ತೈಲದ ಶೇ. 10 ದ್ರಾವಣ ಹಣೆಗೆ, ಕಣತಲೆಗೆ ಸವರಿದರೆ ಆಗುತ್ತದೆ. ಬಾಮನ್ನು ಮಕ್ಕಳ ಕೈಗೆ ಸಿಗದಂತಿಡಿ, ಅದರಲ್ಲಿರುವ ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ.

ಪ್ರಶ್ನೆ: ಹಲ್ಲುನೋವಿಗೆ ಲವಂಗದ ಎಣ್ಣೆ ಎಷ್ಟು ಹನಿ?
(ಶಿರಹಟ್ಟಿ)

ಉತ್ತರ: ಒಂದು ಹನಿಗೆ ನಾಲ್ಕು ಹನಿ ಅಡುಗೆ ಎಣ್ಣೆ ಬೆರೆಸಿ, ಹತ್ತಿಗೆ ಅದ್ದಿ, ಹಿಂಡಿ, ಹಲ್ಲಿನ ಕುಳಿಯಲ್ಲಿ ಮಾತ್ರ ಇಡಿ. ಒಸಡಿಗೆ ತಾಗಿದರೆ ಬಿಳಿಯಾಗಿ ಸುಡುತ್ತದೆ. ಹತ್ತು ನಿಮಿಷದಲ್ಲಿ ತೆಗೆದು ಬಾಯಿ ಮುಕ್ಕಳಿಸಿ ಉಗುಳಿ, ನುಂಗಬೇಡಿ. ಸಣ್ಣ ಮಕ್ಕಳಿಗೆ ಬೇಡ. ದವಡೆ ಊದಿದ್ದರೆ ಅಥವಾ ಬಾಯಿ ತೆರೆಯಲು ಆಗದಿದ್ದರೆ ಲವಂಗ ಬದಿಗಿಟ್ಟು ಹಲ್ಲಿನ ಡಾಕ್ಟರರ ಹತ್ತಿರ ಹೋಗಿ.